ಮೊದಲು ಎರಡು ಬೈಟ್, ಆಮೇಲೆ ನಾಲ್ಕು: ಆಲ್ದೂರು ಕಡೆಯ ತೋಟದ ಕಂಪ್ಯೂಟರಿನ ಪ್ರಕರಣ

ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಕಡೆಯ ಒಂದು ಕಾಫಿ ತೋಟದ ಕಚೇರಿ, ಅರೇಬಿಕಾ ಕೊಯ್ಲಿನ ಕಾಲ. ಆಳುಗಳ ಚೆಕ್‌ರೋಲ್ (ಹಾಜರಿ ಪಟ್ಟಿ), ಯಾರು ಎಷ್ಟು ಕೆಜಿ ಹಣ್ಣು ಕೊಯ್ದರು ಎಂಬ ದಿನದ ಲೆಕ್ಕ, ಕ್ಯೂರಿಂಗ್ ವರ್ಕ್ಸ್‌ಗೆ ಹೋದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಬೀಜ) ಮೂಟೆಗಳ ತೂಕ, ಟ್ಯಾಲಿ ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ. ವಾರದ ಬಟವಾಡೆ ಹತ್ತಿರ ಬಂದಾಗ ಅದು ಕಪ್ಪು ಪರದೆಯ ಮೇಲೆ ಒಂದು ಸಾಲು ತೋರಿಸಿ ನಿಂತಿತು. ಪೇಟೆಯ ಅಂಗಡಿಯೊಂದರಿಂದ ಸಿಕ್ಕ ಸಲಹೆ ಎಲ್ಲ ಕಡೆ ಸಿಗುವಂಥದ್ದೇ: "ಫಾರ್ಮ್ಯಾಟ್ ಹೊಡೆದು ಹೊಸದಾಗಿ ವಿಂಡೋಸ್ ಹಾಕೋಣ ಸಾರ್, ಡಿ ಡ್ರೈವ್ ಹಾಗೇ ಇರುತ್ತೆ."

ಹಾಗೆ ಮಾಡಿದ್ದರೆ ಕಂಪ್ಯೂಟರ್ ಶುರುವಾಗುತ್ತಿತ್ತು, ನಿಜ. ಪ್ರಿಂಟರ್, ತೂಕದ ಯಂತ್ರದ ಕೇಬಲ್, ಚೆಕ್‌ರೋಲ್ ತಂತ್ರಾಂಶ ಇವನ್ನೆಲ್ಲ ಮತ್ತೆ ಕೂರಿಸುವಷ್ಟರಲ್ಲಿ ಬಟವಾಡೆಯ ದಿನ ದಾಟಿರುತ್ತಿತ್ತು. ಕೆಟ್ಟಿದ್ದದ್ದು ವಿಂಡೋಸ್ ಅಲ್ಲ. ಮೊದಲ ರಿಪೇರಿಯ ನಂತರ ಉಳಿದಿದ್ದ ತೊಡಕೆಂದರೆ ಡಿಸ್ಕಿನ ಮೊದಲ ಸೆಕ್ಟರಿನಲ್ಲಿ, ಅಂದರೆ ಮೊದಲ 512 ಬೈಟಿನ ತುಂಡಿನಲ್ಲಿ, ಎರಡು ಬೈಟ್ ಅದಲುಬದಲಾಗಿದ್ದವು, ಅಷ್ಟೇ. ಮುಂದೆ ಇದೇ ಕೆಲಸದ ನಡುವೆ ಇನ್ನೊಂದು ತೊಂದರೆ ಎದ್ದಿತು. ಅದರ ಮದ್ದು ನಾಲ್ಕು ಬೈಟ್.

ಯಂತ್ರದಲ್ಲಿ ಏನಿತ್ತು

ಮೂರನೇ ತಲೆಮಾರಿನ ಐ3, ಎಚ್61 ಮದರ್‌ಬೋರ್ಡ್, ಹಳೆಯ ಬಯೋಸ್ (ಯಂತ್ರ ಆನ್ ಆದೊಡನೆ ಓಡುವ ಮದರ್‌ಬೋರ್ಡಿನ ಪ್ರೋಗ್ರಾಂ) ವಿಧಾನದ ಬೂಟ್. 500 ಜಿಬಿ ಹಾರ್ಡ್‌ಡಿಸ್ಕ್, ಒಟ್ಟು ಸೆಕ್ಟರ್ 976773168. ಮೊದಲು ವಿಂಡೋಸ್ 7 ಇತ್ತು, ಅದರ ಮೇಲೆಯೇ ವಿಂಡೋಸ್ 10 ಏರಿಸಿದ್ದರು. ಹಾಗಾಗಿ ವಿಂಡೋಸ್ 7 ಕಾಲದ 100 ಎಂಬಿ "ಸಿಸ್ಟಮ್ ರಿಸರ್ವ್ಡ್" ಪಾರ್ಟಿಶನ್ (ಡಿಸ್ಕಿನ ಒಂದು ಭಾಗ) ಇನ್ನೂ ಇತ್ತು. ಇದು ಮುಂದಿನ ಕಥೆಗೆಲ್ಲ ಮುಖ್ಯ. ಡಿಸ್ಕಿನ ಹಂಚಿಕೆ ಹೀಗಿತ್ತು (ವಿಧ 07 ಎಂದರೆ ವಿಂಡೋಸಿನ ಎನ್‌ಟಿಎಫ್‌ಎಸ್, 83 ಎಂದರೆ ಲಿನಕ್ಸ್):

ಒಂದನೆಯದು ಸಿಸ್ಟಮ್ ರಿಸರ್ವ್ಡ್: ಸೆಕ್ಟರ್ 2048ರಿಂದ, ಉದ್ದ 204800, ವಿಧ 07.
ಎರಡನೆಯದು ಸಿ ಡ್ರೈವ್: 206848ರಿಂದ, ಉದ್ದ 314572800, ವಿಧ 07.
ಮೂರನೆಯದು ಡಿ ಡ್ರೈವ್: 314779648ರಿಂದ, ಉದ್ದ 419430400, ವಿಧ 07.
ನಾಲ್ಕನೆಯದು ಲಿನಕ್ಸ್: 734210048ರಿಂದ ಹೆಚ್ಚುಕಡಿಮೆ ಡಿಸ್ಕಿನ ಕೊನೆಯವರೆಗೆ, ವಿಧ 83.

ಲಿನಕ್ಸ್ ಹಾಕಿದ್ದು ಹಾಸನದಲ್ಲಿ ಎಂಜಿನಿಯರಿಂಗ್ ಓದುವ ಮನೆಯ ಹುಡುಗ. ಓದು ಮುಗಿಯುತ್ತ ಬಂತು, ಆ ಜಾಗ ಸುಮ್ಮನೆ ಬಿದ್ದಿದೆ ಎಂದು ಕಚೇರಿಯವರು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ನಾಲ್ಕನೇ ಪಾರ್ಟಿಶನ್ ಅಳಿಸಿದರು. ಮರುದಿನ ಬೆಳಿಗ್ಗೆ "ನೋ ಸಚ್ ಪಾರ್ಟಿಶನ್" ಎಂಬ ಸಾಲು, ಅದರ ಕೆಳಗೆ "ಗ್ರಬ್ ರೆಸ್ಕ್ಯೂ". ಗ್ರಬ್ ಎಂದರೆ ಲಿನಕ್ಸ್ ಜೊತೆ ಬರುವ, ಯಂತ್ರವನ್ನು ಬೂಟ್ ಮಾಡಿಸುವ ಪ್ರೋಗ್ರಾಂ.

ಯಾಕೆ ಹೀಗಾಯಿತು

ಬಯೋಸ್ ಡಿಸ್ಕಿನ ಸೊನ್ನೆಯ ಸೆಕ್ಟರನ್ನು ಓದಿ ಮೆಮೊರಿಯ 7ಸಿ00 ವಿಳಾಸದಲ್ಲಿಟ್ಟು ಅಲ್ಲಿಗೆ ಹಾರುತ್ತದೆ. ಆ 512 ಬೈಟುಗಳೇ ಎಂಬಿಆರ್, ಅಂದರೆ ಮಾಸ್ಟರ್ ಬೂಟ್ ರೆಕಾರ್ಡ್. ಮೊದಲ 440 ಬೈಟ್ ಕೋಡ್. ನಂತರ 4 ಬೈಟ್ ಡಿಸ್ಕ್ ಸಿಗ್ನೇಚರ್ (ಆ ಡಿಸ್ಕಿನ ಗುರುತಿನ ಸಂಖ್ಯೆ), 2 ಬೈಟ್ ಸಾಮಾನ್ಯವಾಗಿ ಖಾಲಿ. 446ರಿಂದ ತಲಾ 16 ಬೈಟಿನ ನಾಲ್ಕು ಪಾರ್ಟಿಶನ್ ನಮೂದು. ಕೊನೆಯ ಎರಡು ಬೈಟ್ 55 ಎಎ. (ಬೈಟುಗಳ ಬೆಲೆ, 7ಸಿ00ರಂಥ ವಿಳಾಸ ಎಲ್ಲ ಹದಿನಾರರ ಅಂಕೆಯಲ್ಲಿವೆ.)

ವಿಂಡೋಸ್ ಬರೆದ ಕೋಡ್ ಆಗಿದ್ದರೆ ನಾಲ್ಕು ನಮೂದುಗಳಲ್ಲಿ ಮೊದಲ ಬೈಟ್ 80 ಇರುವುದನ್ನು, ಅಂದರೆ ಆಕ್ಟಿವ್ ಆಗಿರುವುದನ್ನು ಹುಡುಕಿ ಆ ಪಾರ್ಟಿಶನ್ನಿನ ಮೊದಲ ಸೆಕ್ಟರನ್ನು ಓದುತ್ತದೆ. ಆ ಸೆಕ್ಟರಿಗೆ ಪಿಬಿಆರ್ ಎನ್ನುತ್ತಾರೆ. ಪಿಬಿಆರ್ ಅದೇ ಪಾರ್ಟಿಶನ್ನಿನಲ್ಲಿ ಬೂಟ್‌ಎಂಜಿಆರ್ ಎಂಬ ಫೈಲನ್ನು ಹುಡುಕುತ್ತದೆ. ಬೂಟ್‌ಎಂಜಿಆರ್ ಬೂಟ್ ಫೋಲ್ಡರಿನ ಬಿಸಿಡಿ ಎಂಬ ಕಡತ ಓದಿ, ವಿಂಡೋಸ್ ಯಾವ ಡಿಸ್ಕಿನ ಯಾವ ಪಾರ್ಟಿಶನ್ನಿನಲ್ಲಿದೆ ಎಂದು ತಿಳಿದು, ವಿಂಡೋಸನ್ನು ಎಬ್ಬಿಸುವ ವಿನ್‌ಲೋಡ್‌ಗೆ ಕೆಲಸ ಒಪ್ಪಿಸುತ್ತದೆ.

ಗ್ರಬ್‌ನ ದಾರಿ ಬೇರೆ. ಸೊನ್ನೆಯ ಸೆಕ್ಟರಿನಲ್ಲಿ ಅದರ ಚಿಕ್ಕ ತುಣುಕು, ಒಂದನೇ ಸೆಕ್ಟರಿನಿಂದ 2048ರ ಒಳಗಿನ ಖಾಲಿ ಜಾಗದಲ್ಲಿ ದೊಡ್ಡ ತುಣುಕು, ಉಳಿದ ಮಾಡ್ಯೂಲುಗಳು ಲಿನಕ್ಸ್ ಪಾರ್ಟಿಶನ್ನಿನ ಒಳಗೆ. ಆ ಪಾರ್ಟಿಶನ್ ಹೋದ ಮೇಲೆ ಮೊದಲೆರಡು ತುಣುಕು ಓಡುತ್ತವೆ, ಮೂರನೆಯದು ಸಿಗುವುದಿಲ್ಲ, ರೆಸ್ಕ್ಯೂ ಎಂದು ನಿಲ್ಲುತ್ತವೆ. ಎರಡು ಓಎಸ್ ಇರುವ ಯಂತ್ರದಲ್ಲಿ ಲಿನಕ್ಸ್ ತೆಗೆಯಬೇಕಾದರೆ ಮೊದಲು ಎಂಬಿಆರ್ ಕೋಡನ್ನು ವಿಂಡೋಸಿನದಕ್ಕೆ ಬದಲಿಸಿ, ಒಮ್ಮೆ ಬೂಟ್ ಮಾಡಿ ನೋಡಿ, ಆಮೇಲಷ್ಟೇ ಪಾರ್ಟಿಶನ್ ಅಳಿಸಬೇಕು. ಎಲ್ಲರೂ ಮಾಡುವುದು ತಿರುವುಮುರುವು.

ಮೊದಲ ರಿಪೇರಿ, ಎರಡನೇ ಸಂದೇಶ

ಅಂಗಡಿಯವರು ವಿಂಡೋಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ "ಬೂಟ್‌ರೆಕ್ /ಫಿಕ್ಸ್‌ಎಂಬಿಆರ್" ಕೊಟ್ಟಿದ್ದರು. ಅದು ಸರಿಯಾದ ಆಜ್ಞೆಯೇ. ಸೊನ್ನೆಯ ಸೆಕ್ಟರಿನ ಕೋಡನ್ನಷ್ಟೇ ಬದಲಿಸುತ್ತದೆ, ಪಾರ್ಟಿಶನ್ ಪಟ್ಟಿ ಮುಟ್ಟುವುದಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಯಂತ್ರ ಏಳುತ್ತಿತ್ತು. ಆದರೆ ಜೊತೆಗೆ ವಿಂಡೋಸಿನ ಪಾರ್ಟಿಶನ್ ಆಜ್ಞೆಯಾದ ಡಿಸ್ಕ್‌ಪಾರ್ಟ್‌ನಲ್ಲಿ ಸಿ ಡ್ರೈವನ್ನು ಆಕ್ಟಿವ್ ಮಾಡಿದರು. ವಿಂಡೋಸ್ ಇರುವುದು ಸಿಯಲ್ಲಿ, ಆದ್ದರಿಂದ ಆಕ್ಟಿವ್ ಆಗಬೇಕಾದದ್ದೂ ಸಿ ಎಂಬ ಊಹೆ ಅದರ ಹಿಂದಿರಬೇಕು. ಬೂಟ್‌ಎಂಜಿಆರ್ ಇರುವುದು 100 ಎಂಬಿಯ ಮೊದಲ ಪಾರ್ಟಿಶನ್ನಿನಲ್ಲಿ. ಫಲವಾಗಿ ಪರದೆಯ ಮೇಲೆ "ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್".

ಈ ಸಂದೇಶ ಬಂದದ್ದು ಒಳ್ಳೆಯ ಸುದ್ದಿ ಎಂದು ಓದಬೇಕು. ಎಂಬಿಆರ್ ಕೋಡ್ ಓಡಿದೆ, ಆಕ್ಟಿವ್ ಪಾರ್ಟಿಶನ್ ಒಂದೇ ಒಂದು ಸಿಕ್ಕಿದೆ, ಅದರ ಪಿಬಿಆರ್ ಕೂಡ ಓಡಿದೆ. ಫೈಲು ಮಾತ್ರ ಅಲ್ಲಿಲ್ಲ. ಎರಡು ಪಾರ್ಟಿಶನ್ ಆಕ್ಟಿವ್ ಆಗಿದ್ದರೆ "ಇನ್‌ವ್ಯಾಲಿಡ್ ಪಾರ್ಟಿಶನ್ ಟೇಬಲ್" ಬರುತ್ತಿತ್ತು. ಆಕ್ಟಿವ್ ಪಾರ್ಟಿಶನ್ನಿನ ಮೊದಲ ಸೆಕ್ಟರಿನ ಕೊನೆಗೆ 55 ಎಎ ಇಲ್ಲದಿದ್ದರೆ "ಮಿಸ್ಸಿಂಗ್ ಆಪರೇಟಿಂಗ್ ಸಿಸ್ಟಮ್". ನೀಲಿ ಪರದೆ ಬಂದು ಸಿ ಅಕ್ಷರದಿಂದ ಶುರುವಾಗುವ ದೋಷ ಸಂಕೇತ ತೋರಿಸಿದರೆ ಬೂಟ್‌ಎಂಜಿಆರ್ ತನಕ ಎಲ್ಲವೂ ಸರಿ, ತಕರಾರು ಬಿಸಿಡಿಯಲ್ಲಿ ಅಥವಾ ಅದು ತೋರಿಸುವ ಜಾಗದಲ್ಲಿ. ಯಾವ ಮೆಟ್ಟಿಲಲ್ಲಿ ನಿಂತಿದೆಯೋ ಆ ಮೆಟ್ಟಿಲನ್ನಷ್ಟೇ ಮುಟ್ಟಬೇಕು. ಸಿಕ್ಕಿದ ಆಜ್ಞೆಗಳನ್ನೆಲ್ಲ ಸಾಲಾಗಿ ಕೊಟ್ಟರೆ ಕೆಲವೊಮ್ಮೆ ಸರಿಹೋಗುತ್ತದೆ. ಸರಿಹೋಗದಿದ್ದಾಗ ಮೊದಲು ಏನಿತ್ತು ಎಂಬ ಸುಳಿವೂ ಉಳಿಯುವುದಿಲ್ಲ.

ಉಪಕರಣ

ಕೆಲಸಕ್ಕೆ ಬಳಸಿದ್ದು ಬೂಟೈಸ್. ಇನ್‌ಸ್ಟಾಲ್ ಬೇಡದ ಒಂದೇ ಫೈಲಿನ ಸಾಧನ. ಎಂಬಿಆರ್, ಪಿಬಿಆರ್, ಪಾರ್ಟಿಶನ್ ಪಟ್ಟಿ, ಬಿಸಿಡಿ ನಾಲ್ಕನ್ನೂ ಒಂದೇ ಕಿಟಕಿಯಿಂದ ನೋಡಬಹುದು, ಸೆಕ್ಟರುಗಳನ್ನು ಬೈಟ್ ಬೈಟಾಗಿ ತಿದ್ದಬಹುದು. ಅದನ್ನು ಓಡಿಸಲು ವಿಂಡೋಸ್ ಪಿಇ (ಪೆನ್‌ಡ್ರೈವಿನಿಂದಲೇ ಓಡುವ ಚಿಕ್ಕ ವಿಂಡೋಸ್) ಇರುವ ಪೆನ್‌ಡ್ರೈವ್ ಬೇಕು. ಹಿರೆನ್ಸ್ ಬೂಟ್‌ಸಿಡಿ ಪಿಇಯಲ್ಲಿ ಇದು ಸೇರಿಕೊಂಡೇ ಬರುತ್ತದೆ. ಸ್ವಂತ ಪಿಇ ಮಾಡಿಕೊಂಡವರು ಒಂದು ವಿಷಯ ಗಮನಿಸಬೇಕು: ಸಾಮಾನ್ಯ 64 ಬಿಟ್ ಪಿಇಯಲ್ಲಿ 32 ಬಿಟ್ ಪ್ರೋಗ್ರಾಂ ಓಡುವುದಿಲ್ಲ, ಬೂಟೈಸಿನ 64 ಬಿಟ್ ಪ್ರತಿಯೇ ಬೇಕು. ಕೆಲವು ಆಂಟಿವೈರಸ್ ಇದನ್ನು ಕಂಡರೆ ಕೂಗಾಡುತ್ತವೆ. ಬೂಟ್ ಸೆಕ್ಟರ್ ಬರೆಯುವ ಪ್ರೋಗ್ರಾಂ ಮೇಲೆ ಅನುಮಾನ ಪಡುವುದು ಅವುಗಳ ಧರ್ಮ. ಹಾಗೆಂದು ಕಂಡಕಂಡ ಕಡೆಯಿಂದ ಇಳಿಸಿದ ಪ್ರತಿಯನ್ನು ನಂಬಬಾರದು. ಡಿಸ್ಕಿನ ಬುಡಕ್ಕೆ ಕೈ ಹಾಕುವ ಪ್ರೋಗ್ರಾಂ ಇದು.

ಇದರ ಅಪಾಯವೂ ಇದರ ಸರಳತೆಯಲ್ಲೇ ಇದೆ. ಮೇಲಿನ ಪಟ್ಟಿಯಲ್ಲಿ ಎಚ್‌ಡಿ0, ಎಚ್‌ಡಿ1 ಎಂದು ಡಿಸ್ಕುಗಳು ಬರುತ್ತವೆ. ಎಚ್‌ಡಿ0 ಯಾವಾಗಲೂ ಒಳಗಿನ ಹಾರ್ಡ್‌ಡಿಸ್ಕೇ ಆಗಿರಬೇಕೆಂದಿಲ್ಲ. ಬಯೋಸ್ ಪೆನ್‌ಡ್ರೈವಿಗೆ ಮೊದಲ ಸ್ಥಾನ ಕೊಟ್ಟಿದ್ದರೆ ಅದೇ ಮೊದಲು ಬರಬಹುದು. ಅಂಕೆಯನ್ನು ನಂಬದೆ ಮಾಡೆಲ್ ಹೆಸರು ಮತ್ತು ಗಾತ್ರ ನೋಡಿ ಆರಿಸಬೇಕು. ಒಂದೇ ಗಾತ್ರದ ಎರಡು ಡಿಸ್ಕ್ ಇದ್ದರೆ ಒಂದರ ಕೇಬಲ್ ಕೀಳುವುದೇ ವಾಸಿ. ಡಿಸ್ಕನ್ನು ಹೊರತೆಗೆದು ಯುಎಸ್‌ಬಿ ಡಬ್ಬಿಗೆ ಹಾಕಿ ನೋಡುವವರಿಗೆ ಇನ್ನೊಂದು ಗುಂಡಿ ಕಾದಿದೆ: ಕೆಲವು ಡಬ್ಬಿಗಳು 512 ಬೈಟಿನ ಸೆಕ್ಟರುಗಳನ್ನು 4096 ಬೈಟಿನವು ಎಂದು ತೋರಿಸುತ್ತವೆ. ಆಗ ಪಾರ್ಟಿಶನ್ ಪಟ್ಟಿಯ ಅಂಕೆಗಳಿಗೆ ಎಂಟು ಪಟ್ಟು ಅರ್ಥ ಬಂದು, ಸರಿಯಾಗಿರುವ ಡಿಸ್ಕೇ ಕೆಟ್ಟಂತೆ ಕಾಣುತ್ತದೆ. ಅದನ್ನು ಅಲ್ಲಿಂದ "ಸರಿ" ಮಾಡಿದರೆ ನಿಜವಾಗಿಯೇ ಕೆಡುತ್ತದೆ. ಬೂಟ್ ದಾಖಲೆ ಮುಟ್ಟುವ ಕೆಲಸವನ್ನು ಡಿಸ್ಕ್ ನೇರ ಸಾಟಾ ಕೇಬಲಿನಲ್ಲಿ ಇರುವಾಗಲೇ ಮಾಡಬೇಕು.

ಬರೆಯುವ ಮೊದಲು

ಮೊದಲ ಕೆಲಸ ನಕಲು. ಪ್ರೋಸೆಸ್ ಎಂಬಿಆರ್ ಒತ್ತಿದರೆ ಬ್ಯಾಕಪ್ ಎಂಬಿಆರ್ ಸಿಗುತ್ತದೆ. ಒಂದೇ ಸೆಕ್ಟರ್ ಸಾಲದು, ಸೊನ್ನೆಯಿಂದ 2047ರವರೆಗಿನ ಎಲ್ಲ 2048 ಸೆಕ್ಟರ್ ಬೇಕು. ಗ್ರಬ್‌ನ ದೊಡ್ಡ ತುಣುಕು ಇರುವುದು ಅಲ್ಲೇ. ಕೆಲವು ಲೈಸೆನ್ಸ್ ತಂತ್ರಾಂಶಗಳೂ ಈ ಖಾಲಿ ಜಾಗದಲ್ಲಿ ಗುಟ್ಟಾಗಿ ಗುರುತು ಬರೆದಿಡುತ್ತವೆ. ಫೈಲಿನ ಗಾತ್ರ 1048576 ಬೈಟ್ ಬಂದರೆ ಸರಿ. ಅದನ್ನು ಇನ್ನೊಂದು ಪೆನ್‌ಡ್ರೈವಿಗೆ ಹಾಕಿಕೊಳ್ಳಬೇಕು, ರಿಪೇರಿ ಆಗುತ್ತಿರುವ ಡಿಸ್ಕಿನಲ್ಲೇ ಇಟ್ಟರೆ ಏನು ಬಂತು? ಪ್ರತಿ ಎನ್‌ಟಿಎಫ್‌ಎಸ್ ಪಾರ್ಟಿಶನ್ನಿನ ಮೊದಲ 16 ಸೆಕ್ಟರ್‌ಗಳನ್ನೂ ಹಾಗೆಯೇ ತೆಗೆದುಕೊಂಡರು. ಎನ್‌ಟಿಎಫ್‌ಎಸ್‌ನ ಬೂಟ್ ಕೋಡ್ ಆ 16 ಸೆಕ್ಟರುಗಳಲ್ಲಿ ಹರಡಿರುತ್ತದೆ.

ಆಮೇಲೆ ಸೆಕ್ಟರ್ ಎಡಿಟ್‌ನಲ್ಲಿ ನೋಡಿದಾಗ ಕಂಡದ್ದು: 1ಬಿಇ (ಹದಿನಾರರ ಅಂಕೆಯಲ್ಲಿ ಬರೆದ 446) ಸ್ಥಾನದಲ್ಲಿ, ಅಂದರೆ ಮೊದಲ ನಮೂದಿನ ತಲೆಯಲ್ಲಿ, 00. ಎರಡನೇ ನಮೂದಿನ ತಲೆಯಾದ 1ಸಿಇಯಲ್ಲಿ 80. ನಾಲ್ಕನೆಯ ನಮೂದು ಶುರುವಾಗುವ 1ಇಇಯಿಂದ 16 ಬೈಟೂ ಸೊನ್ನೆ. ಸಿಗ್ನೇಚರ್ ಜಾಗವಾದ 1ಬಿ8ರಲ್ಲಿ 4ಸಿ 17 93 ಡಿ2. ಇದನ್ನು ಕಾಗದದ ಮೇಲೂ ಬರೆದುಕೊಂಡದ್ದು ಮುಂದೆ ಉಪಯೋಗಕ್ಕೆ ಬಂತು.

2048ನೇ ಸೆಕ್ಟರಿಗೆ ಹೋಗಿ ಮೊದಲ ಪಾರ್ಟಿಶನ್ನಿನ ಪಿಬಿಆರ್ ಪರೀಕ್ಷೆ: ಶುರುವಿನಲ್ಲಿ ಇಬಿ 52 90, ಅದರ ಪಕ್ಕ ಎನ್‌ಟಿಎಫ್‌ಎಸ್ ಎಂಬ ಅಕ್ಷರಗಳು, ಕೊನೆಯಲ್ಲಿ 55 ಎಎ. 1ಸಿ ಸ್ಥಾನದ ನಾಲ್ಕು ಬೈಟ್ 00 08 00 00. ತಿರುಗಿಸಿ ಓದಿದರೆ 2048. ಪಾರ್ಟಿಶನ್ ಡಿಸ್ಕಿನ ಎಷ್ಟನೇ ಸೆಕ್ಟರಿನಿಂದ ಶುರು ಎಂಬುದು ಇಲ್ಲೂ ಬರೆದಿರುತ್ತದೆ, ಪಟ್ಟಿಯ ಅಂಕೆಗೆ ತಾಳೆಯಾಗಲೇಬೇಕು. ಸಿ ಡ್ರೈವಿನದು 00 28 03 00, ಅಂದರೆ 206848. ಅದೂ ಸರಿ. ಪಾರ್ಟಿಶನ್ ಸರಿಸುವ ತಂತ್ರಾಂಶಗಳು ಕೆಲವೊಮ್ಮೆ ಪಟ್ಟಿಯನ್ನು ತಿದ್ದಿ ಇದನ್ನು ಮರೆಯುತ್ತವೆ, ಆಗ ಡ್ರೈವ್ ತೆರೆದು ಫೈಲು ನೋಡಬಹುದು, ಬೂಟ್ ಮಾತ್ರ ಆಗುವುದಿಲ್ಲ. ಇಲ್ಲಿ ಆ ತೊಡಕು ಇರಲಿಲ್ಲ. ಕೊನೆಯದಾಗಿ ಮೊದಲ ಪಾರ್ಟಿಶನ್ನಿಗೆ ಡಿಸ್ಕ್‌ಪಾರ್ಟ್‌ನಿಂದ ಎಸ್ ಅಕ್ಷರ ಕೊಟ್ಟು, ಅಡಗಿದ ಫೈಲುಗಳೂ ಕಾಣುವಂತೆ ಪಟ್ಟಿ ತೆಗೆದರು. ಬೂಟ್‌ಎಂಜಿಆರ್ ಇತ್ತು, ಬೂಟ್ ಫೋಲ್ಡರಿನಲ್ಲಿ ಬಿಸಿಡಿಯೂ ಇತ್ತು.

ಎರಡು ಬೈಟ್

ಪಾರ್ಟ್ಸ್ ಮ್ಯಾನೇಜ್‌ನಲ್ಲಿ ಮೊದಲ ಪಾರ್ಟಿಶನ್ ಆರಿಸಿ ಆಕ್ಟಿವೇಟ್ ಒತ್ತಿದರೆ ಮುಗಿಯಿತು. 1ಬಿಇಯಲ್ಲಿ 80 ಬಂತು, 1ಸಿಇಯಲ್ಲಿ 00. ಬೇರೇನನ್ನೂ ಮುಟ್ಟಲಿಲ್ಲ. ವಿಂಡೋಸ್ 10 ಎದ್ದಿತು, ಚೆಕ್‌ರೋಲ್ ತೆರೆಯಿತು.

ಇನ್ನೊಂದು ದಾರಿಯೂ ಇತ್ತು: ಸಿ ಡ್ರೈವನ್ನೇ ಆಕ್ಟಿವ್ ಬಿಟ್ಟು, "ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಸಿ: /ಎಫ್ ಬಯೋಸ್" ಕೊಟ್ಟು ಬೂಟ್ ಫೈಲುಗಳನ್ನು ಸಿಯಲ್ಲೇ ಹೊಸದಾಗಿ ಸೃಷ್ಟಿಸುವುದು. ಪಿಇಯಲ್ಲಿ ಡ್ರೈವ್ ಅಕ್ಷರ ಬದಲಾಗಿರುತ್ತದೆ, ಅದನ್ನು ಮೊದಲು ನೋಡಿಕೊಂಡರೆ ಇದೂ ಕೆಲಸ ಮಾಡುತ್ತದೆ. ಸಿಸ್ಟಮ್ ರಿಸರ್ವ್ಡ್ ಹಾಳಾಗಿದ್ದರೆ ಇದೇ ಸರಿಯಾದ ದಾರಿ ಕೂಡ. ಹಾಳಾಗದೆ ಇರುವಾಗ ಎರಡು ಜಾಗದಲ್ಲಿ ಎರಡು ಬಿಸಿಡಿ ಇಟ್ಟುಕೊಳ್ಳುವುದು ಮುಂದಿನ ರಿಪೇರಿಯವನನ್ನು ದಾರಿ ತಪ್ಪಿಸುವ ಕೆಲಸ.

ಈ ಸ್ಥಿತಿಯಲ್ಲಿ ಎಂಬಿಆರ್‌ನ ಎರಡನೇ ನಕಲು ತೆಗೆದು, "ಸರಿಯಾದದ್ದು" ಎಂದು ಹೆಸರಿಟ್ಟರು. ಮೊದಲ ನಕಲಿನಲ್ಲಿ ತಪ್ಪು ಆಕ್ಟಿವ್ ಗುರುತು ಇದೆ. ಅದು ತನಿಖೆಗೆ, ಇದು ಬಳಕೆಗೆ.

ಡಿಸ್ಕ್ ಬದಲಾವಣೆ

ಪಿಇಯಲ್ಲಿ ಇರುವಾಗಲೇ ಡಿಸ್ಕಿನ ಸ್ಮಾರ್ಟ್ ವಿವರ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿದ್ದರು. ಸಿ5, ಅಂದರೆ ಓದಲು ತಕರಾರು ಮಾಡುತ್ತಿರುವ ಸೆಕ್ಟರುಗಳ ಎಣಿಕೆ, ಸೊನ್ನೆಯಾಗಿರಲಿಲ್ಲ. ಮಲೆನಾಡಿನ ತೇವ, ಮಳೆಗಾಲದ ಕರೆಂಟು, ಬ್ಯಾಟರಿ ಸತ್ತ ಯುಪಿಎಸ್ ಎಲ್ಲ ಕಂಡ ಡಿಸ್ಕ್ ಅದು. 480 ಜಿಬಿ ಎಸ್‌ಎಸ್‌ಡಿಗೆ ಸಾಗಿಸುವುದು ಎಂದಾಯಿತು.

480 ಜಿಬಿ ಎಸ್‌ಎಸ್‌ಡಿಯ ಒಟ್ಟು ಸೆಕ್ಟರ್ 937703088, ಹಾರ್ಡ್‌ಡಿಸ್ಕಿಗಿಂತ ಕಡಿಮೆ. ಸಾಮಾನ್ಯವಾಗಿ ಇಲ್ಲಿ ಕ್ಲೋನ್ ತಂತ್ರಾಂಶಗಳು ಗೊಣಗುತ್ತವೆ. ಆದರೆ ನಾಲ್ಕನೇ ಪಾರ್ಟಿಶನ್ ಈಗ ಪಟ್ಟಿಯಲ್ಲಿಲ್ಲ. ಮೂರನೆಯದು ಮುಗಿಯುವುದು 734210047ರಲ್ಲಿ. ಅಲ್ಲಿಯವರೆಗೆ ಮಾತ್ರ ನಕಲಿಸಿದರೆ ಸಾಕು, ಅಂದರೆ 375915544576 ಬೈಟ್.

ತಕರಾರು ಇರುವ ಡಿಸ್ಕಿಗೆ, ಕೆಟ್ಟ ಡಿಸ್ಕಿನಿಂದಲೂ ನಕಲು ತೆಗೆಯುವ ಡಿಡಿರೆಸ್ಕ್ಯೂ ಸರಿ. ಲೈವ್ ಲಿನಕ್ಸ್ ಪೆನ್‌ಡ್ರೈವಿನಿಂದ ಓಡಿಸಬೇಕು. ಅದಕ್ಕೆ ಮುಂಚೆ ವಿಂಡೋಸಿನಲ್ಲಿ "ಪವರ್‌ಸಿಎಫ್‌ಜಿ /ಎಚ್ ಆಫ್" ಕೊಟ್ಟು ಶಟ್‌ಡೌನ್ ಮಾಡಿದರು. ಫಾಸ್ಟ್ ಸ್ಟಾರ್ಟಪ್ ಇದ್ದರೆ ವಿಂಡೋಸ್ ಪೂರ್ತಿ ಮಲಗಿರುವುದಿಲ್ಲ, ಅರ್ಧ ನಿದ್ದೆಯ ಡಿಸ್ಕನ್ನು ನಕಲಿಸಿದಂತಾಗುತ್ತದೆ. ಡಿಡಿರೆಸ್ಕ್ಯೂನಲ್ಲಿ ಮೊದಲು ಮೂಲ, ಆಮೇಲೆ ಗುರಿ, ಕೊನೆಗೆ ಮ್ಯಾಪ್ ಫೈಲು (ಎಲ್ಲಿ ಓದಲಾಯಿತು, ಎಲ್ಲಿ ಇಲ್ಲ ಎಂಬ ದಾಖಲೆ). ಮೂಲ ಮತ್ತು ಗುರಿ ಅದಲುಬದಲಾದರೆ ತೋಟದ ಲೆಕ್ಕ ಅಲ್ಲಿಗೆ ಮುಗಿಯಿತು; ಆದ್ದರಿಂದ ಎರಡೂ ಡಿಸ್ಕಿನ ಸೀರಿಯಲ್ ನಂಬರನ್ನು ಮೇಲಿನ ಚೀಟಿ ನೋಡಿ ತಾಳೆ ಹಾಕಿದ ಮೇಲೆಯೇ ಎಂಟರ್. ಮೊದಲ ಸುತ್ತು ಕೆಟ್ಟ ಜಾಗಗಳನ್ನು ಬಿಟ್ಟು ಓದುವ "-ಎನ್" ಆಯ್ಕೆಯೊಂದಿಗೆ, ಎರಡನೇ ಸುತ್ತು "-ಆರ್3" ಕೊಟ್ಟು ಉಳಿದದ್ದಕ್ಕಷ್ಟೇ. ಕೊನೆಗೆ ಓದಲಾಗದೆ ಉಳಿದದ್ದು 8 ಸೆಕ್ಟರ್, ಸಿ ಡ್ರೈವಿನ ಒಳಗೆ. ಮ್ಯಾಪ್ ಫೈಲು ಕೊಡುವುದು ಬೈಟ್ ಲೆಕ್ಕ, ಅದೂ ಹದಿನಾರರ ಅಂಕೆಯಲ್ಲಿ. ಅದನ್ನು 512ರಿಂದ ಭಾಗಿಸಿದರೆ ಸೆಕ್ಟರ್ ಸಂಖ್ಯೆ. ಅದರಿಂದ 206848 ಕಳೆದು 8ರಿಂದ ಭಾಗಿಸಿದರೆ 4 ಕೆಬಿ ಕ್ಲಸ್ಟರಿನ ಸಂಖ್ಯೆ. "ಎಫ್‌ಎಸ್‌ಯುಟಿಲ್ ವಾಲ್ಯೂಮ್ ಕ್ವೆರಿಕ್ಲಸ್ಟರ್ ಸಿ:" ಎಂದು ಆ ಸಂಖ್ಯೆ ಕೊಟ್ಟು ಕೇಳಿದರೆ ಫೈಲಿನ ಹೆಸರು ಹೇಳುತ್ತದೆ. ಇಲ್ಲಿ ಪೇಜ್‌ಫೈಲ್ (ಮೆಮೊರಿ ಸಾಲದಾಗ ವಿಂಡೋಸ್ ಬಳಸುವ ತಾತ್ಕಾಲಿಕ ಫೈಲು) ಬಂತು. ಅದು ಹೋದರೆ ಹೋಗಲಿ, ವಿಂಡೋಸ್ ಹೊಸದು ಮಾಡಿಕೊಳ್ಳುತ್ತದೆ.

ಮೂರನೇ ಸಂದೇಶ

ನಕಲು ಮುಗಿದ ಕೂಡಲೇ ಹಳೆಯ ಡಿಸ್ಕನ್ನು ಬಿಚ್ಚಿ ಎಸ್‌ಎಸ್‌ಡಿಯಿಂದ ಬೂಟ್ ಮಾಡಬೇಕಿತ್ತು. ಕಚೇರಿಯಲ್ಲಿ ಎರಡನ್ನೂ ಜೋಡಿಸಿಟ್ಟುಕೊಂಡೇ ಹಳೆಯ ಡಿಸ್ಕಿನಿಂದ ವಿಂಡೋಸ್ ತೆರೆದು, ಹೊಸದು ಕಾಣುತ್ತಿದೆಯೇ ಎಂದು ನೋಡಿದರು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಎಸ್‌ಎಸ್‌ಡಿ "ಆಫ್‌ಲೈನ್" ಎಂದಿತ್ತು. ಬಲ ಕ್ಲಿಕ್, "ಆನ್‌ಲೈನ್". ಆಯಿತು.

ಆಫ್‌ಲೈನ್ ಆಗಿದ್ದಕ್ಕೆ ಕಾರಣವಿತ್ತು. ಎರಡೂ ಡಿಸ್ಕಿನ ಸಿಗ್ನೇಚರ್ ಒಂದೇ, ವಿಂಡೋಸ್ ಅದನ್ನು ಒಪ್ಪುವುದಿಲ್ಲ. ಆನ್‌ಲೈನ್ ಮಾಡಿ ಎಂದರೆ ಎರಡನೆಯದಕ್ಕೆ ಹೊಸ ಸಿಗ್ನೇಚರ್ ಬರೆದೇ ಆನ್‌ಲೈನ್ ಮಾಡುತ್ತದೆ. ಎಂಬಿಆರ್ ಡಿಸ್ಕುಗಳಲ್ಲಿ ಬಿಸಿಡಿ ವಿಂಡೋಸನ್ನು ಹುಡುಕುವುದು ಡಿಸ್ಕ್ ಸಿಗ್ನೇಚರ್ ಮತ್ತು ಪಾರ್ಟಿಶನ್ ಶುರುವಾಗುವ ಸ್ಥಾನ, ಈ ಎರಡರಿಂದ. ಹಳೆಯ ಡಿಸ್ಕ್ ಬಿಚ್ಚಿ ಎಸ್‌ಎಸ್‌ಡಿಯಿಂದ ಬೂಟ್ ಮಾಡಿದಾಗ ನೀಲಿ ಪರದೆ, ಸಂಕೇತ ಸಿ000000ಇ. ಪಿಇಯಿಂದ ಬೂಟೈಸಿನ ಬಿಸಿಡಿ ಭಾಗದಲ್ಲಿ ಎಸ್ ಡ್ರೈವಿನ ಬಿಸಿಡಿ ತೆರೆದರೆ ವಿಂಡೋಸ್ ಲೋಡರಿನ ಡಿಸ್ಕ್ ಯಾವುದೆಂದೇ ಗುರುತಾಗಲಿಲ್ಲ. ಬಿಸಿಡಿಎಡಿಟ್‌ನಲ್ಲೂ ಡಿವೈಸ್ ಎದುರಿಗೆ "ಅನ್‌ನೋನ್".

ಇಲ್ಲಿ ಹೆಚ್ಚಿನವರು ಬಿಸಿಡಿಬೂಟ್ ಕೊಟ್ಟು ಹೊಸ ಬಿಸಿಡಿ ಮಾಡುತ್ತಾರೆ. ಬೂಟ್ ಆಗುತ್ತದೆ. ಆದರೆ ಸಿಗ್ನೇಚರನ್ನು ನಂಬಿಕೊಂಡಿರುವುದು ಬಿಸಿಡಿ ಒಂದೇ ಅಲ್ಲ. ರಿಜಿಸ್ಟ್ರಿಯ ಮೌಂಟೆಡ್‌ಡಿವೈಸಸ್ ಎಂಬಲ್ಲಿ ಯಾವ ಪಾರ್ಟಿಶನ್ನಿಗೆ ಯಾವ ಡ್ರೈವ್ ಅಕ್ಷರ ಎಂಬುದನ್ನು 12 ಬೈಟಿನಲ್ಲಿ ಬರೆದಿಟ್ಟಿರುತ್ತದೆ: 4 ಬೈಟ್ ಸಿಗ್ನೇಚರ್, 8 ಬೈಟ್ ಪಾರ್ಟಿಶನ್ ಶುರುವಾಗುವ ಸ್ಥಾನ. ಸಿಗ್ನೇಚರ್ ಬದಲಾದರೆ ಡಿ ಡ್ರೈವಿಗೆ ಬೇರೆ ಅಕ್ಷರ ಬರಬಹುದು. ಟ್ಯಾಲಿಯ ಕಂಪನಿ ಫೋಲ್ಡರ್, ಚೆಕ್‌ರೋಲ್ ತಂತ್ರಾಂಶದ ದತ್ತಾಂಶ, ಪ್ರತಿದಿನದ ಬ್ಯಾಕಪ್ ಎಲ್ಲವೂ ಡಿ ಎಂದೇ ಬರೆದುಕೊಂಡಿವೆ. "ಬೂಟ್ ಆಯ್ತು, ಲೆಕ್ಕವೆಲ್ಲ ಹೋಯ್ತು" ಎಂದು ತೋಟದ ಲೆಕ್ಕ ಬರೆಯುವ ರೈಟರು ಫೋನ್ ಮಾಡುವುದು ಇಂಥ ಹೊತ್ತಿನಲ್ಲೇ. ಬಿಸಿಡಿಯನ್ನು ಹೊಸ ಸಿಗ್ನೇಚರಿಗೆ ಹೊಂದಿಸುವ ಬದಲು ಸಿಗ್ನೇಚರನ್ನೇ ಹಿಂದಿನಂತೆ ಮಾಡಿದರೆ ಎರಡೂ ಒಟ್ಟಿಗೆ ಸರಿಹೋಗುತ್ತವೆ.

ನಾಲ್ಕು ಬೈಟ್

ಹಳೆಯ ಡಿಸ್ಕ್ ಬಿಚ್ಚಿಟ್ಟು, ಎಸ್‌ಎಸ್‌ಡಿ ಒಂದನ್ನೇ ಇಟ್ಟುಕೊಂಡು ಪಿಇ. ಬೂಟೈಸಿನ ರಿಸ್ಟೋರ್ ಎಂಬಿಆರ್‌ನಲ್ಲಿ ಎರಡನೇ ನಕಲನ್ನು ಆರಿಸಿದರು. ಅಲ್ಲಿ ಡಿಸ್ಕ್ ಸಿಗ್ನೇಚರ್ ಮತ್ತು ಪಾರ್ಟಿಶನ್ ಪಟ್ಟಿಯನ್ನು ಮುಟ್ಟಬೇಡ ಎಂಬ ಟಿಕ್ ಇದೆ. ಬೇರೆ ಎಲ್ಲ ಸಂದರ್ಭದಲ್ಲೂ ಆ ಟಿಕ್ ಇರಲೇಬೇಕು, ಅದಿಲ್ಲದೆ ಬೇರೆ ಡಿಸ್ಕಿನ ಎಂಬಿಆರ್ ಬರೆದು ಪಾರ್ಟಿಶನ್‌ಗಳನ್ನೆಲ್ಲ ಕಳೆದುಕೊಂಡವರಿದ್ದಾರೆ. ಇಲ್ಲಿ ಮಾತ್ರ ಅದನ್ನು ತೆಗೆಯಬೇಕು, ಬೇಕಾಗಿರುವುದೇ ಸಿಗ್ನೇಚರ್. ತೆಗೆಯಬಹುದಾದದ್ದು ಯಾಕೆಂದರೆ ಮೂರೂ ಪಾರ್ಟಿಶನ್‌ಗಳ ಶುರು ಮತ್ತು ಉದ್ದ ಎರಡು ಡಿಸ್ಕಿನಲ್ಲೂ ಅಂಕೆಗೆ ಅಂಕೆ ಒಂದೇ. ಒಂದು ಸೆಕ್ಟರ್ ಆಚೀಚೆ ಇದ್ದರೂ ಈ ದಾರಿ ಹಿಡಿಯುವಂತಿಲ್ಲ.

ಬೂಟೈಸ್ ಕೈಯಲ್ಲಿ ಇಲ್ಲದವರು ಡಿಸ್ಕ್‌ಪಾರ್ಟ್‌ನಲ್ಲಿ ಡಿಸ್ಕ್ ಆರಿಸಿ "ಯೂನಿಕ್‌ಐಡಿ ಡಿಸ್ಕ್ ಐಡಿ=" ಎಂದು ಕೊಟ್ಟೂ ಮಾಡಬಹುದು. ಒಂದು ತಿರುವು ಇದೆ: ಸೆಕ್ಟರಿನಲ್ಲಿ ಕಾಣುವುದು 4ಸಿ 17 93 ಡಿ2, ಡಿಸ್ಕ್‌ಪಾರ್ಟ್‌ಗೆ ಕೊಡಬೇಕಾದದ್ದು ತಿರುಗಿಸಿ ಡಿ293174ಸಿ. ಕಂಡಂತೆಯೇ ಟೈಪ್ ಮಾಡಿದರೆ ಇನ್ನೊಂದು ಹೊಸ ಸಿಗ್ನೇಚರ್ ಆಗುತ್ತದೆ, ದೋಷ ಸಂಕೇತ ಬದಲಾಗುವುದಿಲ್ಲ, ಯಾಕೆಂದು ತಲೆ ಕೆಡಿಸಿಕೊಳ್ಳುವುದಾಗುತ್ತದೆ.

ರೀಸ್ಟಾರ್ಟ್ ಆದಾಗ ವಿಂಡೋಸ್ ನೇರವಾಗಿ ಬಂತು, ಡಿ ಡ್ರೈವ್ ಡಿ ಆಗಿಯೇ ಇತ್ತು. ಸಿ ಮತ್ತು ಡಿ ಎರಡಕ್ಕೂ ಚೆಕ್‌ಡಿಸ್ಕ್ ಓಡಿಸಿ, ಎಸ್‌ಎಸ್‌ಡಿಯ ಬಾಲದಲ್ಲಿ ಉಳಿದ ಖಾಲಿ ಜಾಗವನ್ನು ಡಿಗೆ ಸೇರಿಸಿದರು.

ಜಿಪಿಟಿ ಯಂತ್ರವಾಗಿದ್ದರೆ

ಮೇಲಿನದ್ದೆಲ್ಲ ಎಂಬಿಆರ್ ಡಿಸ್ಕಿಗೆ. ಈಗ ಬರುವ ಯಂತ್ರಗಳಲ್ಲಿ ಹಳೆಯ ಬಯೋಸ್ ಬದಲು ಯುಇಎಫ್‌ಐ, ಡಿಸ್ಕಿನಲ್ಲಿ ಎಂಬಿಆರ್ ಪಟ್ಟಿಯ ಬದಲು ಜಿಪಿಟಿ. ಗುರುತು ಸುಲಭ: ಸೊನ್ನೆಯ ಸೆಕ್ಟರಿನ ಮೊದಲ ನಮೂದಿನ ವಿಧ ಇಇ ಇರುತ್ತದೆ. ಅಲ್ಲಿ ಆಕ್ಟಿವ್ ಗುರುತಿಗೂ ಎಂಬಿಆರ್ ಕೋಡಿಗೂ ಬೂಟ್‌ನಲ್ಲಿ ಪಾತ್ರವಿಲ್ಲ, ಫಿಕ್ಸ್‌ಎಂಬಿಆರ್ ಕೊಟ್ಟು ಪ್ರಯೋಜನವಿಲ್ಲ. ಫರ್ಮ್‌ವೇರ್ ತನ್ನ ನೆನಪಿನಲ್ಲಿರುವ ಬೂಟ್ ಪಟ್ಟಿ ನೋಡಿ ಫ್ಯಾಟ್32 ಇರುವ ಇಎಸ್‌ಪಿ ಎಂಬ ಬೂಟ್ ಪಾರ್ಟಿಶನ್ನಿನಿಂದ ಫೈಲು ಎತ್ತಿಕೊಳ್ಳುತ್ತದೆ. ಆ ಪಟ್ಟಿಯನ್ನು ಬೂಟೈಸಿನ ಯುಇಎಫ್‌ಐ ಭಾಗದಲ್ಲಿ ತಿದ್ದಬಹುದು, ಪಿಇಯನ್ನೂ ಯುಇಎಫ್‌ಐ ವಿಧಾನದಲ್ಲೇ ಬೂಟ್ ಮಾಡಿರಬೇಕು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ರಿಕವರಿ ಕೀ ಕೈಯಲ್ಲಿ ಇಲ್ಲದೆ ಯಾವುದನ್ನೂ ಮುಟ್ಟಬಾರದು.

ಹಳೆಯ ಡಿಸ್ಕಿನ ಕಥೆ

ಎಲ್ಲ ಮುಗಿದ ಮೇಲೆ ಹಾಸನದಿಂದ ಹುಡುಗನ ಫೋನ್: ಲಿನಕ್ಸಿನಲ್ಲಿ ಪ್ರಾಜೆಕ್ಟ್ ಫೋಲ್ಡರ್ ಒಂದಿತ್ತು, ಸಿಗಬಹುದೇ? ಸಿಗುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ಅಳಿಸಿದ್ದು ಪಟ್ಟಿಯ 16 ಬೈಟನ್ನು. ಸರ್ವೆ ನಕ್ಷೆ ಹರಿದುಹಾಕಿದರೆ ತೋಟ ಎಲ್ಲಿಗೂ ಹೋಗುವುದಿಲ್ಲ. ಆ ಜಾಗದಲ್ಲಿ ಹೊಸ ಪಾರ್ಟಿಶನ್ ಮಾಡಿ ಫಾರ್ಮ್ಯಾಟ್ ಮಾಡಿರಲಿಲ್ಲ ಎಂಬುದೇ ಪುಣ್ಯ. ಹಳೆಯ ಡಿಸ್ಕನ್ನು ಲೈವ್ ಲಿನಕ್ಸಿನಲ್ಲಿ ಜೋಡಿಸಿ, ಕಳೆದ ಪಾರ್ಟಿಶನ್ ಹುಡುಕುವ ಟೆಸ್ಟ್‌ಡಿಸ್ಕ್ ಓಡಿಸಿದಾಗ 734210048ರಲ್ಲಿ ಲಿನಕ್ಸಿನ ಎಕ್ಸ್ಟ್4 ಪಾರ್ಟಿಶನ್ ಸಿಕ್ಕಿತು. ಪಟ್ಟಿಗೆ ಮತ್ತೆ ಬರೆಯುವ ಅಗತ್ಯವೂ ಬೀಳಲಿಲ್ಲ. ಟೆಸ್ಟ್‌ಡಿಸ್ಕಿನ ಒಳಗಿಂದಲೇ ಫೋಲ್ಡರನ್ನು ತೆರೆದು ಪೆನ್‌ಡ್ರೈವಿಗೆ ನಕಲಿಸಿದರು. ಸಾಯುತ್ತಿರುವ ಡಿಸ್ಕಿಗೆ ಬರೆಯದೆ ಓದುವುದರಲ್ಲೇ ಮುಗಿಸುವುದು ಲೇಸು.

ಈ ಡಿಸ್ಕನ್ನು ಕಚೇರಿಯ ಯಂತ್ರಕ್ಕೆ ಮತ್ತೆ ಜೋಡಿಸಿದರೆ ಎರಡು ಸಿಗ್ನೇಚರುಗಳ ಜಗಳ ಮತ್ತೆ ಶುರು. ಬಯೋಸ್ ಅಪ್ಪಿತಪ್ಪಿ ಹಳೆಯದರಿಂದ ಬೂಟ್ ಮಾಡಿದರೆ ಈ ಸಲ ಆಫ್‌ಲೈನ್ ಆಗುವುದು ಎಸ್‌ಎಸ್‌ಡಿ. ಹಾಗಾಗಿ ಹಳೆಯ ಡಿಸ್ಕ್ ಒಂದನ್ನೇ ಪಿಇಯಲ್ಲಿ ತೆರೆದು ಅದರ ಸಿಗ್ನೇಚರಿನ ಒಂದು ಬೈಟ್ ಬದಲಿಸಿ, ಆಕ್ಟಿವ್ ಗುರುತನ್ನೂ 00 ಮಾಡಿ, ಮೇಲೆ ಚೀಟಿ ಅಂಟಿಸಿ ಬೀರುವಿಗೆ ಹಾಕಿದರು. ಎಂಬಿಆರ್ ನಕಲುಗಳು ಎರಡೂ, ಸಿಗ್ನೇಚರ್ ಬರೆದ ಕಾಗದದ ಫೋಟೊ ಸಮೇತ, ತೋಟದ ಮಾಲೀಕರ ಮೇಲ್‌ಗೆ ಹೋದವು. ಡಿಗೆ ಖಾಲಿ ಜಾಗ ಸೇರಿಸಿದ್ದರಿಂದ ಮೂರನೇ ನಮೂದಿನ ಉದ್ದ ಬದಲಾಗಿದೆ, ಆ ನಕಲುಗಳನ್ನು ಇನ್ನು ಎಸ್‌ಎಸ್‌ಡಿಗೆ ಟಿಕ್ ತೆಗೆದು ಬರೆಯುವಂತಿಲ್ಲ. ಎಸ್‌ಎಸ್‌ಡಿಯ ಈಗಿನ ಸ್ಥಿತಿಯದು ಎಂದು ತಾರೀಖು ಹಾಕಿ ಮೂರನೇ ನಕಲನ್ನು ತೆಗೆದದ್ದು ಅದಕ್ಕೇ.